ದೊರೆ ಕಲ್ಲನ್ನು ಓದಿದ ಮೇಷ್ಟ್ರು

ಮೇಷ್ಟ್ರು ಹೋದ ಸುದ್ದಿ ನನಗೆ ಸಿಂಗಟಗೆರೆಯ ಅಂಚೆ ಕಚೇರಿಯಲ್ಲಿ, ಒಂದು ಲಕೋಟೆಗೆ ಮುದ್ರೆ ಒತ್ತುತ್ತಿದ್ದಾಗ ಬಂತು. ಫೋನು ಮಾಡಿದ್ದು ಅಪ್ಪ. ಫೋನಿನಲ್ಲಿ ಮಾತು ಎಲ್ಲಿಂದ ಶುರು ಮಾಡಬೇಕೆಂದು ಅಪ್ಪನಿಗೆ ಈಗಲೂ ಗೊತ್ತಿಲ್ಲ. ಎದುರಿಗೆ ಕೂತವರ ಹತ್ತಿರ ಮಾತಾಡುವ ಹಾಗೆ, "ನಿನ್ನೇನೇ ಮಣ್ಣು ಮಾಡಿದ್ರಂತೆ ಕಣವ್ವ, ಅಜ್ಜಂಪುರದಲ್ಲಿ. ನಮ್ಗೆ ಇವತ್ತು ಗೊತ್ತಾಯ್ತು" ಅಂದ. ಯಾರನ್ನು ಎಂದು ನಾನು ಕೇಳಲಿಲ್ಲ. ಅಪ್ಪನ ಗಂಟಲಲ್ಲೇ ಅದು ಇತ್ತು.

ಮುದ್ರೆ ಕೆಳಗಿಟ್ಟೆ. ಅಳು ಬರುತ್ತದೆ ಅಂದುಕೊಂಡಿದ್ದೆ, ಬಾಯಿಗೆ ಬಂದದ್ದು ಹದಿನೇಳರ ಮಗ್ಗಿ. ಹದಿನೇಳೊಂದ್ಲ ಹದಿನೇಳು, ಹದಿನೇಳೆರಡ್ಲ ಮೂವತ್ತನಾಲ್ಕು. ಕೌಂಟರಿನ ಆಚೆ ನಿಂತಿದ್ದ ಹೆಂಗಸು, "ಏನ್ ಮೇಡಂ, ಸ್ಟಾಂಪ್ ಎಣಿಸ್ತಿದೀರಾ?" ಅಂದಳು. ಹೌದು ಅಂದೆ. ಅದೊಂದು ಸಣ್ಣ ಸುಳ್ಳು. ಮೇಷ್ಟ್ರು ಕೇಳಿಸಿಕೊಂಡಿದ್ದರೆ ನನ್ನನ್ನು ಹೊಳೆಗೆ ಕಳಿಸುತ್ತಿದ್ದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಮ್ಮೂರಲ್ಲಿ ಅವರನ್ನು ಯಾರೂ ಹೆಸರಿನಿಂದ ಕರೆದದ್ದಿಲ್ಲ. ಮೇಷ್ಟ್ರು ಅಂದರೆ ಒಬ್ಬರೇ. ಅವರಾದ ಮೇಲೆ ಬಂದವರೆಲ್ಲ ಹೊಸ ಮೇಷ್ಟ್ರು. ಅವರಲ್ಲಿ ಒಬ್ಬರು ಹತ್ತು ವರ್ಷ ಇದ್ದು ನಿವೃತ್ತರಾದರು, ಹೋಗುವ ದಿನವೂ ಹೊಸ ಮೇಷ್ಟ್ರಾಗಿಯೇ ಹೋದರು.

ಲಕ್ಕವಳ್ಳಿ ಅಣೆಕಟ್ಟೆಯಿಂದ ಕೆಳಕ್ಕೆ ಸ್ವಲ್ಪ ದೂರ ಹೋದರೆ ಭದ್ರಾ ಹೊಳೆ ಎರಡು ಕವಲಾಗಿ, ನಡುವೆ ಒಂದಿಷ್ಟು ನೆಲ ಬಿಟ್ಟು, ಮತ್ತೆ ಕೂಡಿಕೊಳ್ಳುತ್ತದೆ. ಆ ನೆಲವೇ ನಮ್ಮೂರು, ದೊರೆತಿಟ್ಟು. ಹನ್ನೊಂದು ಮನೆ, ಒಂದು ಶಾಲೆ, ಮನೆಯೇ ಇಲ್ಲದ ಒಂದು ಹೊಗೆಗೂಡು, ಮತ್ತೆ ಒಂದು ಕಲ್ಲು. ಬ್ರಿಟಿಷ್ ಕಮಿಷನರುಗಳ ಆಳ್ವಿಕೆಯ ಕಾಲದಲ್ಲಿ ಕಾಡಿನ ಮರವನ್ನು ಹೊಳೆಯಲ್ಲಿ ತೇಲಿಸಿ ಸಾಗಿಸುತ್ತಿದ್ದರಂತೆ. ಅದರ ಉಸ್ತುವಾರಿಗೆ ಬಂದ ಬಿಳಿ ದೊರೆಯೊಬ್ಬ ತಿಟ್ಟಿನ ಎತ್ತರದ ಜಾಗದಲ್ಲಿ ಬಂಗಲೆ ಕಟ್ಟಿಸಿದ. ದಿಮ್ಮಿಗಳನ್ನು ಬಿದಿರಿಗೆ ಕಟ್ಟುವುದಕ್ಕೆ, ಬಂಡೆಗೆ ಸಿಕ್ಕಿಕೊಂಡದ್ದನ್ನು ಬಿಡಿಸುವುದಕ್ಕೆ ನೀರಿಗೆ ಹೆದರದ ಜನ ಬೇಕಾಗಿತ್ತು. ಹಾಗೆ ಬಂದವರು ನಮ್ಮ ಹಿರಿಯರು. ದೊರೆ ಹೋದ. ಮರ ತೇಲಿಸುವುದು ನಿಂತಿತು. ಬಂಗಲೆಯ ತೊಲೆ, ಹೆಂಚು ಯಾರ್ಯಾರದೋ ಮನೆ ಸೇರಿ, ಹೊಗೆಗೂಡೊಂದೇ ಉಳಿಯಿತು. ಆಮೇಲೆ ಅಣೆಕಟ್ಟೆ ಬಂತು. ನಾವು ಮಾತ್ರ ಅಲ್ಲೇ ಉಳಿದೆವು, ಮೀನು ಹಿಡಿಯುತ್ತ, ತುಂಡು ಗದ್ದೆ ಮಾಡುತ್ತ, ಅಣೆಕಟ್ಟೆಯ ಕೆಲಸಕ್ಕೆ ಹೋಗಿ ಬರುತ್ತ.

ಈಗ ತಿಟ್ಟಿನಲ್ಲಿ ಸೋಲಾರ್ ದೀಪ ಇದೆ. ಹೊಗೆಗೂಡಿನ ಪಕ್ಕ ನಿಂತರೆ ಫೋನಿಗೆ ಸಿಗ್ನಲ್ ಸಿಗುತ್ತದೆ. ರಜೆಯಲ್ಲಿ ಪ್ರವಾಸಿಗಳು ಬಂದು ಅದಕ್ಕೆ ಒರಗಿಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ. ಸೇತುವೆ ಮಾತ್ರ ಇಲ್ಲ. ದಾಟುವುದಕ್ಕೆ ಇರುವುದು ತೆಪ್ಪ, ತೆಪ್ಪ ಹಾಕುವುದು ನಮ್ಮಪ್ಪ.

ಮೇಷ್ಟ್ರು ಅಜ್ಜಂಪುರದವರು. ಈರುಳ್ಳಿ ಮಂಡಿಯ ಹಿಂದೆ ಅವರ ಮನೆ. ವ್ಯಾಪಾರದ ಮನೆತನ, ಶಿವಪೂಜೆ ಆಗದೆ ತುತ್ತು ಎತ್ತದ ಜನ. ಬಯಲುಸೀಮೆಯ ಆ ಮನುಷ್ಯ ಅಲ್ಲಿಯವರೆಗೆ ಹರಿಯುವ ನೀರು ಅಂತ ಕಂಡದ್ದು ಮಳೆಗಾಲದ ಹಳ್ಳವನ್ನು ಮಾತ್ರ. ಕೆಲಸದ ಆರ್ಡರು ಹಿಡಿದು ಬಂದ ಮೊದಲ ದಿನ ದಡದ ಮೇಲೆ ಕೂತೇ ಬಿಟ್ಟರಂತೆ.

"ಇದು ಮಗುಚಲ್ವೇನಪ್ಪಾ?"

"ಮಗುಚುತ್ತೆ ಸಾ. ದಿನಾ ಮಗುಚಲ್ಲ" ಅಂದನಂತೆ ಅಪ್ಪ.

ಮೇಷ್ಟ್ರು ಅಂಗಿಯೊಳಗಿನ ಲಿಂಗವನ್ನು ಒಂದು ಕೈಯಲ್ಲಿ ಹಿಡಿದು, ತೆಪ್ಪದ ಸರಿಯಾಗಿ ನಡುವೆ ಚಕ್ಕಳಮಕ್ಕಳ ಹಾಕಿ ಕೂತು, ಕಣ್ಣು ಮುಚ್ಚಿ ಹದಿನೇಳರ ಮಗ್ಗಿ ಶುರು ಮಾಡಿದರಂತೆ. ಯಾಕೆ ಹದಿನೇಳೇ ಎಂದು ನಾನು ಒಮ್ಮೆ ಕೇಳಿದ್ದೆ. "ಐದರ ಮಗ್ಗಿ ಹೇಳಿದ್ರೆ ಬಾಯಿ ಹೇಳ್ತಿರುತ್ತೆ, ಮನಸ್ಸು ಹೊಳೆ ನೋಡ್ತಿರುತ್ತೆ. ಹದಿನೇಳಾದ್ರೆ ಮನಸ್ಸಿಗೆ ಬೇರೆ ಕಡೆ ನೋಡಕ್ಕೆ ಪುರುಸೊತ್ತಿರಲ್ಲ" ಅಂದರು. ನಿವೃತ್ತರಾಗುವ ತನಕ, ಮೂವತ್ತು ವರ್ಷದ ಮೇಲೆ, ಹೋಗುವಾಗಲೂ ಬರುವಾಗಲೂ ಅದೇ ಮಗ್ಗಿ. ಈಜು ಕಲಿಯಲಿಲ್ಲ, ಹೆದರಿಕೆ ಬಿಡಲಿಲ್ಲ, ಶಾಲೆ ತಪ್ಪಿಸಲಿಲ್ಲ. ತಿಟ್ಟಿನ ಮಕ್ಕಳಿಗೆ ಹೊಳೆಯ ಅಗಲ ಎಷ್ಟು ಎಂದು ಯಾರಾದರೂ ಕೇಳಿದರೆ, ಹದಿನೇಳರ ಮಗ್ಗಿ ಎರಡು ಸಲ ಅನ್ನುತ್ತಿದ್ದೆವು. ನೀರು ಹೆಚ್ಚಿದ್ದರೆ ಎರಡೂವರೆ.

ಶಾಲೆ ಇದ್ದದ್ದು, ಈಗಲೂ ಇರುವುದು, ದೊರೆಯ ಬಂಗಲೆಯ ತಳಪಾಯದ ಮೇಲೆ. ಹೊಗೆಗೂಡಿನ ಬುಡದಲ್ಲಿ ದೊರೆ ಚಳಿ ಕಾಯಿಸಿಕೊಳ್ಳುತ್ತಿದ್ದ ಒಲೆಗೂಡಿನಲ್ಲಿ ಮೇಷ್ಟ್ರು ಸೀಮೆಸುಣ್ಣ, ಮಕ್ಕಳ ಸ್ಲೇಟು, ತಮ್ಮ ಊಟದ ಡಬ್ಬಿ ಇಡುತ್ತಿದ್ದರು. ಡಬ್ಬಿಯಲ್ಲಿ ದಿನವೂ ರೊಟ್ಟಿ, ಶೇಂಗಾ ಚಟ್ನಿಪುಡಿ, ಮುಷ್ಟಿಯಲ್ಲಿ ಗುದ್ದಿ ಒಡೆದ ಹಸಿ ಈರುಳ್ಳಿ. ಮಧ್ಯಾಹ್ನದ ಮೇಲಿನ ಪಾಠ ಹೇಳಿಸಿಕೊಂಡವರಿಗೆ ಆ ವಾಸನೆ ಮರೆಯುವುದಿಲ್ಲ. ಈಗಲೂ ಯಾರಾದರೂ ಈರುಳ್ಳಿ ಗುದ್ದಿದರೆ ನನಗೆ ಭಾಗಾಕಾರ ನೆನಪಾಗುತ್ತದೆ.

"ನೋಡಿ ಬರಿ, ಕೇಳಿ ಬರೀಬೇಡ." ಇದು ಅವರು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮಾತು. ನಾಲ್ಕನೇ ಕ್ಲಾಸಿನಲ್ಲಿ ನೀರುನಾಯಿಯ ಬಗ್ಗೆ ಪ್ರಬಂಧ ಬರೆಯಲು ಹೇಳಿದ್ದರು. ನೀರುನಾಯಿ ಮೀನು ಮಾತ್ರ ತಿನ್ನುತ್ತದೆ ಎಂದು ಬರೆದೆ. "ನೋಡಿದೀಯಾ?" ಅಂದರು. ಎಲ್ಲರೂ ಹೇಳ್ತಾರೆ ಸಾರ್ ಅಂದೆ. ಎರಡು ದಿನ ಬೆಳಿಗ್ಗೆ ನನ್ನನ್ನು ಹೊಳೆಯಂಚಿನ ಬಂಡೆಯ ಮೇಲೆ ಕೂರಿಸಿದರು. ಎರಡನೇ ದಿನ ಒಂದು ನೀರುನಾಯಿ ಎದ್ದು ಬಂದು ನನ್ನೆದುರೇ ಏಡಿಯನ್ನು ಕಡಿದು ತಿಂದಿತು. ಓಡಿಹೋಗಿ ಹೇಳಿದೆ. ಅವರು ನಕ್ಕು ಪ್ರಬಂಧದ ಹಾಳೆಯನ್ನು ವಾಪಸ್ಸು ಕೊಟ್ಟರು, ಅಷ್ಟೆ. ಇವತ್ತಿಗೂ ವಿಳಾಸ ಸರಿಯಿಲ್ಲದ ಕಾಗದ ಬಂದರೆ ಪೋಸ್ಟ್‌ಮ್ಯಾನ್ ಹೇಳಿದ್ದನ್ನು ನಂಬಿ ವಾಪಸ್ಸು ಕಳಿಸುವುದಿಲ್ಲ, ನಾನೇ ಒಂದು ಸಲ ಹೋಗಿ ಬಾಗಿಲು ತಟ್ಟಿ ಬರುತ್ತೇನೆ. ಜನ ನನ್ನನ್ನು ತಲೆಹರಟೆ ಅನ್ನುತ್ತಾರೆ. ಅನ್ನಲಿ.

ಅವರು ಹೊಡೆಯುತ್ತಿರಲಿಲ್ಲ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಮಾತ್ರ ಒಂದು ಶಿಕ್ಷೆ ಇತ್ತು. "ಹೋಗು, ಹೊಳೆಗೆ ಹೇಳು." ದಡಕ್ಕೆ ಹೋಗಿ, ಹೊಳೆಗೆ ಮುಖ ಮಾಡಿ ನಿಂತು, ಹೇಳಿದ ಸುಳ್ಳು ಏನು ಎಂದು ಗಟ್ಟಿಯಾಗಿ ಒಪ್ಪಿಕೊಳ್ಳಬೇಕು. ಶಾಲೆಯ ಸೀಬೆಮರದ ಹಣ್ಣು ತಿಂದು ನಾನು ಮೇಕೆಯ ಮೇಲೆ ಹಾಕಿದ್ದೆ. ದಡದಲ್ಲಿ ನಿಂತು, "ಸೀಬೆಹಣ್ಣು ತಿಂದಿದ್ದು ನಾನು, ಮೇಕೆ ಅಲ್ಲ" ಎಂದು ಕೂಗಿದೆ. ನಾಚಿಕೆಯಿಂದ ಕಿವಿ ಸುಟ್ಟುಹೋಯಿತು. ಹಿಂದಿನಿಂದ ಮೇಷ್ಟ್ರು ಬಂದು ಪಕ್ಕದಲ್ಲಿ ನಿಂತು, "ಸರಿ, ಹೊಳೆ ತಗೊಂಡು ಹೋಯ್ತು. ಬಾ" ಅಂದರು. ಹೊಳೆ ತಗೊಂಡು ಹೋದದ್ದನ್ನು ಆಮೇಲೆ ಯಾರೂ ಎತ್ತಬಾರದು, ಅದು ಕಟ್ಟುನಿಟ್ಟು. ಶಾಲೆಯ ಈ ನಿಯಮ ನಿಧಾನವಾಗಿ ತಿಟ್ಟಿನ ನಿಯಮವೇ ಆಯಿತು. ಗಂಡ ಹೆಂಡಿರು ಜಗಳವಾಡಿದರೂ, ಬಲೆಯ ಮೀನು ಕದ್ದರೂ, ದೊಡ್ಡವರೇ "ಹೋಗಿ ಹೊಳೆಗೆ ಹೇಳಿ ಬಾ" ಅನ್ನತೊಡಗಿದರು. ಹೇಳಿ ಬಂದರೆ ಮುಗಿಯಿತು.

ಇಂಥ ಮೇಷ್ಟ್ರು ತಾವೇ ಒಂದು ಸುಳ್ಳು ಹೇಳಿದ್ದರು. ಅದನ್ನು ಹೇಳಲೆಂದೇ ಇಷ್ಟು ಬರೆದೆ.

ಶಾಲೆಯಿಂದ ನಾಲ್ಕು ಮಾರು ದೂರದಲ್ಲಿ ಎದೆಯೆತ್ತರದ ಒಂದು ಕಲ್ಲು ನಿಂತಿದೆ. ಮುಂಭಾಗ ನುಣುಪು, ಅದರ ಮೇಲೆ ಇಂಗ್ಲಿಷಿನ ಸಾಲುಗಳು. ದೊರೆ ತಿಟ್ಟು ಬಿಟ್ಟು ಹೋಗುವಾಗ ಅತ್ತನಂತೆ, ನಮ್ಮವರನ್ನು ಬಿಟ್ಟು ಹೋಗಲಾರದೆ ತನ್ನ ಮಾತನ್ನು ಕಲ್ಲಲ್ಲಿ ಕೆತ್ತಿಸಿ ನಿಲ್ಲಿಸಿದನಂತೆ. ಇದು ನಮ್ಮ ಅಜ್ಜಿಗೆ ಅವಳ ಅಜ್ಜಿ ಹೇಳಿದ ಕತೆ. ಏನು ಕೆತ್ತಿಸಿದ ಎಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೇನು, ಪೂಜೆಗೆ ಕೊರತೆ ಇರಲಿಲ್ಲ. ಅಮಾವಾಸ್ಯೆಗೆ ಕಾಯಿ, ಹೂವು, ಎಡೆಗೆ ಒಂದು ಚುರುಟು, ಒಂದು ರಸ್ಕು. ದೊರೆಗೆ ರಾಗಿಮುದ್ದೆ ಒಗ್ಗುವುದಿಲ್ಲ ಎಂದು ಅಜ್ಜಿ ತೀರ್ಮಾನ ಮಾಡಿದ್ದಳು.

ಮೇಷ್ಟ್ರು ಬಂದ ಮೊದಲ ವಾರವೇ ಅಜ್ಜಿ ಅವರನ್ನು ಕಲ್ಲಿನ ಹತ್ತಿರ ಕರೆದುಕೊಂಡು ಹೋದಳು. ಆಗಿನ್ನೂ ನಾನು ಹುಟ್ಟಿರಲಿಲ್ಲ. ಆದರೆ ಅಪ್ಪ ಇದನ್ನು ಎಷ್ಟು ಸಲ ಹೇಳಿದ್ದಾನೆಂದರೆ ನಾನೂ ಅಲ್ಲೇ ನಿಂತಿದ್ದೆ ಅನ್ನಿಸುತ್ತದೆ. ತಿಟ್ಟಿನ ಜನವೆಲ್ಲ ಸೇರಿದ್ದರು. ಅಜ್ಜಿ ಕಾಯಿ ಒಡೆದು, "ಮೇಷ್ಟ್ರೇ, ನೀವು ಇಂಗ್ಲೀಸು ಬಲ್ಲೋರು. ನಮ್ಮ ದೊರೆ ನಮ್ಗೆ ಏನಂದವ್ನೆ, ವಸಿ ಓದಿ ಹೇಳಿ" ಅಂದಳು.

ಮೇಷ್ಟ್ರು ಬಗ್ಗಿ, ಸಾಲಿನ ಮೇಲೆ ಬೆರಳಿಟ್ಟು, ಬಾಯೊಳಗೇ ಓದಿಕೊಂಡರು. ಓದಿ ಮುಗಿದ ಮೇಲೂ ಬಹಳ ಹೊತ್ತು ಎದ್ದು ನಿಲ್ಲಲಿಲ್ಲವಂತೆ. ಆಮೇಲೆ ಎದ್ದು, ಅಜ್ಜಿಯ ಮುಖ ನೋಡಿ ಹೇಳಿದರಂತೆ. "ಈ ತಿಟ್ಟಲ್ಲಿ ಇರೋರು ನನ್ನೋರು, ಅವರು ಇಲ್ಲೇ ಬಾಳಲಿ ಅಂತ ಬರ್ಸಿದಾನಮ್ಮ. ಮತ್ತೆ, ಗಂಡು ಹೆಣ್ಣು ಅನ್ನದೆ ಎಲ್ಲ ಮಕ್ಕಳನ್ನೂ ಸ್ಕೂಲಿಗೆ ಕಳ್ಸಬೇಕು ಅಂತ."

ಮೊದಲನೆಯ ಮಾತಿಗೆ ಅಜ್ಜಿ ಅತ್ತಳು. ಎರಡನೆಯದಕ್ಕೆ ಸ್ವಲ್ಪ ಮುಖ ಗಂಟಿಕ್ಕಿದಳಂತೆ. ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದರೆ ಬಲೆ ನೇಯುವ ಬೆರಳು ಕೆಡುತ್ತದೆ ಎಂದು ನಂಬಿದ್ದವಳು ಅವಳು. ಆದರೆ ದೊರೆಯ ಮಾತು ಮೀರುವುದುಂಟೆ? ಮಾರನೆಯ ದಿನದಿಂದ ತಿಟ್ಟಿನ ಎಲ್ಲ ಮಕ್ಕಳೂ ಶಾಲೆಯಲ್ಲಿ. "ಅಕ್ಷರ ಸವೆದು ಹೋಗದ ಹಾಗೆ ಕಲ್ಲಿಗೆ ಹರಳೆಣ್ಣೆಯಲ್ಲಿ ಕುಂಕುಮ ಕಲಸಿ ಹಚ್ಚಿ" ಎಂದು ಮೇಷ್ಟ್ರೇ ಹೇಳಿಕೊಟ್ಟರಂತೆ. ನನಗೆ ಬುದ್ಧಿ ಬರುವ ಹೊತ್ತಿಗೆ ಕಲ್ಲಿನ ಮುಖದ ಮೇಲೆ ಬೆರಳು ದಪ್ಪದ ಕೆಂಪು ಪದರ ಕೂತು, ಒಂದು ಅಕ್ಷರವೂ ಕಾಣುತ್ತಿರಲಿಲ್ಲ.

ನಾನು ಏಳನೇ ಕ್ಲಾಸು ಮುಗಿಸಿದಾಗ ಅಜ್ಜಿ, ಸಾಕು, ಇನ್ನು ಬಲೆ ಹಿಡಿಯಲಿ ಅಂದಳು. ಮೇಷ್ಟ್ರು ಕಲ್ಲಿನ ಹತ್ತಿರ ಹೋಗಿ ಬಂದು, "ಎಷ್ಟು ಓದ್ತಾರೋ ಅಷ್ಟೂ ಓದಿಸಿ ಅಂತ ಕೆಳಗಿನ ಸಾಲಲ್ಲಿ ಇದೆಯಲ್ಲಮ್ಮ" ಅಂದರು. ಲಕ್ಕವಳ್ಳಿಯ ಹೈಸ್ಕೂಲು ಸೇರಿದೆ. ಮುಂದೆ ತರೀಕೆರೆಯ ಕಾಲೇಜಿಗೆ ಹೋಗುವಾಗಲೂ ಇನ್ನೊಂದು ಸಾಲು ಸಿಕ್ಕಿತು, ದೂರದ ಊರಾದರೂ ಅಂಜಬೇಡಿ ಅಂತ. ನಮ್ಮ ದೊರೆ ಬೇಕಾದಾಗ ಬೇಕಾದಷ್ಟು ಬರೆದಿಟ್ಟಿದ್ದ. ಆಗ ನನಗೆ ಅನುಮಾನ ಬರಬೇಕಿತ್ತು. ಓದುವ ಆಸೆಯಲ್ಲಿ ಬರಲಿಲ್ಲ.

ಅಜ್ಜಿ ತೀರಿಕೊಂಡಳು, ಮೇಷ್ಟ್ರು ನಿವೃತ್ತರಾಗಿ ಅಜ್ಜಂಪುರಕ್ಕೆ ಹೋದರು, ನನಗೆ ಅಂಚೆ ಇಲಾಖೆಯಲ್ಲಿ ಕೆಲಸ ಸಿಕ್ಕಿತು. ತಿಟ್ಟಿಗೆ ಕಷ್ಟ ಬಂದದ್ದು ಈಚೆಗೆ, ಕೆಲವು ವರ್ಷದ ಹಿಂದೆ. ಕಾಗದದಲ್ಲಿ ತಿಟ್ಟು ನಮ್ಮದಲ್ಲ, ಅರಣ್ಯದ್ದು. ಯಾರ ಹೆಸರಿಗೂ ಖಾತೆ ಇಲ್ಲ. ಮೂರು ತಲೆಮಾರಿನಿಂದ ಅಲ್ಲೇ ವಾಸವಾಗಿದ್ದೇವೆ ಎಂದು ತೋರಿಸಿದವರಿಗೆ ಹಕ್ಕುಪತ್ರ, ತೋರಿಸಲಾರದವರು ಜಾಗ ಬಿಡಬೇಕು ಅಂತ ಆಯಿತು. ಹನ್ನೊಂದು ಮನೆಯ ಅರ್ಜಿಯನ್ನೂ ನಾನೇ ತುಂಬಿದೆ. ಎರಡು ಸಲ ವಾಪಸ್ಸು ಬಂದವು, ಎರಡು ಸಲವೂ ಒಂದೇ ಷರಾ, ಪುರಾವೆ ಸಾಲದು. ಶಾಲೆಯ ದಾಖಲಾತಿ ಪುಸ್ತಕ ತೋರಿಸಿದೆವು, ಅದು ಶಾಲೆ ಶುರುವಾದ, ಮೇಷ್ಟ್ರು ಬಂದ ವರ್ಷಕ್ಕಿಂತ ಹಿಂದಕ್ಕೆ ಹೋಗುತ್ತಿರಲಿಲ್ಲ. ನಮ್ಮ ಹಿರಿಯರನ್ನು ಹೊಳೆ ಬಲ್ಲದು, ಬರೆದಿಟ್ಟವರು ಯಾರೂ ಇಲ್ಲ. ಅಪ್ಪ ಊಟ ಬಿಟ್ಟ. "ತೆಪ್ಪ ತಲೆ ಮೇಲೆ ಹೊತ್ಕಂಡು ಯಾವ ಊರಿಗೆ ಹೋಗ್ಲವ್ವ?" ಎಂದು ಒಂದೇ ಸಲ ಕೇಳಿದ, ಮತ್ತೆ ಆ ಮಾತು ಎತ್ತಲಿಲ್ಲ.

ಸ್ಥಳ ತನಿಖೆಗೆ ಬರುತ್ತೇವೆ, ಅದೇ ಕೊನೆ ಅಂದರು ತಾಲ್ಲೂಕು ಕಚೇರಿಯವರು. ನಾನು ಅಜ್ಜಂಪುರಕ್ಕೆ ಓಡಿದೆ. ಮೇಷ್ಟ್ರು ಜಗಲಿಯ ಮೇಲೆ ಪೇಪರು ಓದುತ್ತಿದ್ದರು. ಎಂಬತ್ತು ದಾಟಿತ್ತು, ಕೋಲು ಬಂದಿತ್ತು, ದನಿ ಮಾತ್ರ ಹಾಗೇ ಇತ್ತು. ನಿಮ್ಮ ಹತ್ತಿರ ಹಳೆಯ ಕಾಗದ ಏನಾದರೂ ಇದೆಯಾ ಸಾರ್ ಎಂದು ಕೇಳಿದೆ.

ಅವರು ಪೇಪರನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. "ಕಾಗದ ಇಲ್ಲ ಕಣಮ್ಮ. ಆ ಕಲ್ಲು ಇದೆಯಾ?"

"ಎಲ್ಲೋಗುತ್ತೆ ಸಾರ್, ಇದೆ. ಮೊನ್ನೆ ಅಮಾವಾಸ್ಯೆಗೂ ಎಣ್ಣೆ ಹಚ್ಚಿದ್ರು."

"ಹಚ್ಚಿದ್ರಾ," ಅಂದರು. ಪೇಪರನ್ನು ಪಕ್ಕಕ್ಕಿಟ್ಟರು. "ಬರ್ತೀನಿ. ನಿಮ್ಮಜ್ಜಿ ಇದ್ದಿದ್ರೆ ಅವರ ಮುಂದೇನೇ ಹೇಳ್ಬೇಕಿತ್ತು. ಈಗ ನಿಮ್ಮಪ್ಪನ ಮುಂದೆ ಹೇಳ್ಬೇಕು. ಅದೂ ಏನ್ ಸುಲಭ ಅಲ್ಲ." ಏನು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ತನಿಖೆಯ ದಿನ ಬೆಳಿಗ್ಗೆಯೇ ಬಂದರು. ತೆಪ್ಪದ ನಡುವೆ ಅದೇ ಚಕ್ಕಳಮಕ್ಕಳ, ಅದೇ ಮುಚ್ಚಿದ ಕಣ್ಣು, ಅದೇ ಮಗ್ಗಿ. ಅಪ್ಪನಿಗೆ ಎಷ್ಟೋ ದಿನದ ಮೇಲೆ ನಗು ಬಂತು. ದಡ ಸೇರಿದ ಮೇಲೆ ಮೇಷ್ಟ್ರು ಕೇಳಿದ್ದು ಒಂದು ಹಂಡೆ ಬಿಸಿನೀರು, ಸೀಗೆಪುಡಿ, ತೆಂಗಿನ ನಾರು. ಸ್ನಾನಕ್ಕಿರಬೇಕು ಅಂದುಕೊಂಡೆವು. ಅವರು ನೇರ ಕಲ್ಲಿನ ಹತ್ತಿರ ಹೋಗಿ, ಪಂಚೆ ಎತ್ತಿ ಕಟ್ಟಿ, ಮಂಡಿಯೂರಿ ಕೂತು ದೊರೆಯ ಮುಖ ಉಜ್ಜತೊಡಗಿದರು. ಹೆಂಗಸರು ಅಯ್ಯೋ ಅಯ್ಯೋ ಅಂದರು. ಅಪ್ಪ ಅವರ ಕೈ ಹಿಡಿದ. "ಬಿಡಪ್ಪ, ನಾನು ಹಚ್ಚಿಸಿದ್ದು, ನಾನೇ ತೊಳೀಬೇಕು" ಅಂದರು. ಕೆಂಪು ನೀರು ಅವರ ಮೊಣಕಾಲಿನ ಸುತ್ತ ಹರಿಯಿತು. ಅಷ್ಟು ಹೊತ್ತಿಗೆ ತಾಲ್ಲೂಕಿನ ಸಾಹೇಬರು, ಅರಣ್ಯದವರಿಬ್ಬರು ಬಂದು ಹಿಂದೆ ನಿಂತಿದ್ದರು.

ಅಕ್ಷರ ಎದ್ದು ಬಂತು. ಮೇಷ್ಟ್ರು ನನ್ನ ಕಡೆ ತಿರುಗಿ, "ನೀನು ಓದಮ್ಮ. ನೋಡಿ ಓದು" ಅಂದರು.

ನಾನು ಓದಿದೆ. ಅರ್ಧಕ್ಕೆ ನಿಲ್ಲಿಸಿ ಅಪ್ಪನ ಮುಖ ನೋಡಿದೆ, ಸಾಹೇಬರೇ ಮುಗಿಸಿದರು. ಕನ್ನಡದಲ್ಲಿ ಹೇಳಿದರೆ ಇಷ್ಟೇ. ಈ ನಡುಗಡ್ಡೆ ಸರ್ಕಾರದ ಮರದ ಡಿಪೋಗೆ ಸೇರಿದ್ದು. ಮರ ಸಾಗಿಸುವ ಕೂಲಿಗಳಾಗಲಿ ಅವರ ಹೆಂಡಿರು ಮಕ್ಕಳಾಗಲಿ ಇಲ್ಲಿ ಗುಡಿಸಲು ಹಾಕಿಕೊಂಡು ವಾಸಿಸಕೂಡದು. ವಾಸಿಸುವವರ ಗುಡಿಸಲು ಕಿತ್ತು ಹೊರಗೆ ಹಾಕಲಾಗುವುದು. ಕೆಳಗೆ ಇಸವಿ ಇತ್ತು, ನಮ್ಮ ಅಜ್ಜಿಯ ಅಜ್ಜಿಯ ಕಾಲದ್ದು. ಓದು ಬಾರದವರನ್ನು ಓಡಿಸುವುದಕ್ಕೆ ಇಂಗ್ಲಿಷಿನಲ್ಲಿ ಹುಕುಂ ಕೆತ್ತಿಸಿ ನಿಲ್ಲಿಸಿದ್ದ ನಮ್ಮ ದೊರೆ. ನಾವು ಆ ಹುಕುಮ್ಮಿಗೆ ತಲೆಮಾರುಗಟ್ಟಲೆ ಕಾಯಿ ಒಡೆದು ರಸ್ಕು ಇಟ್ಟಿದ್ದೆವು.

ಅರಣ್ಯದವರಲ್ಲಿ ಒಬ್ಬರು ಮೆಲ್ಲಗೆ, "ಇದು ನಿಮಗೇ ತಿರುಗಿ ಬೀಳುತ್ತಲ್ರೀ ಮೇಷ್ಟ್ರೇ. ಇಲ್ಲಿ ಇರಬಾರದು ಅಂತ ಆಗಲೇ ಬರೆದಿದೆ" ಅಂದರು.

ಮೇಷ್ಟ್ರು ಕಲ್ಲನ್ನು ಹಿಡಿದುಕೊಂಡು ಎದ್ದು ನಿಂತರು. "ಹೌದು ಸ್ವಾಮಿ, ಇರಬಾರದು ಅಂತಲೇ ಬರೆದಿದೆ. ಯಾರೂ ಇಲ್ಲದ ಜಾಗದಲ್ಲಿ ಎದ್ದೋಗಿ ಅಂತ ಯಾರಾದ್ರೂ ಕಲ್ಲು ನಿಲ್ಲಿಸ್ತಾರಾ? ಕೂಲಿಗಳು ಅಂತಿದೆ, ಹೆಂಡಿರು ಮಕ್ಕಳು ಅಂತಿದೆ, ಗುಡಿಸಲು ಅಂತಿದೆ. ಇವರು ಇದ್ದರು ಅಂತ ಸರ್ಕಾರವೇ ಕೆತ್ತಿಸಿದೆ, ಇಸವಿ ಹಾಕಿ. ಇದಕ್ಕಿಂತ ಪುರಾವೆ ಯಾವ ಕಾಗದದಲ್ಲಿ ತರಲಿ?"

ಸಾಹೇಬರು ಬಗ್ಗಿ ಇಸವಿಯ ಮೇಲೆ ಬೆರಳಾಡಿಸಿದರು. ಆಮೇಲೆ ಫೋಟೊ ತೆಗೆಸಿ, ಅಳತೆ ಹಿಡಿಸಿ, ಸಾಲು ಸಾಲಾಗಿ ನಕಲು ಮಾಡಿಕೊಂಡು, ಪಂಚನಾಮೆಗೆ ಎಲ್ಲರ ರುಜು ತೆಗೆದುಕೊಂಡರು. ರುಜು ಬಾರದ ಅಪ್ಪ ಹೆಬ್ಬೆಟ್ಟು ಒತ್ತಿದ. ಬೆರಳಿಗೆ ಇಂಕಿನ ಜೊತೆ ಕುಂಕುಮವೂ ಹತ್ತಿತ್ತು.

ಅವರೆಲ್ಲ ದಾಟಿ ಹೋದ ಮೇಲೆ ಉಳಿದವರು ನಾವು, ಮತ್ತೆ ಮೇಷ್ಟ್ರು. ಅವರು ಅಪ್ಪನ ಎದುರು ನಿಂತು, "ಅವತ್ತು ನಿಮ್ಮಮ್ಮನ ಮುಖ ನೋಡಿದೆ. ಇದ್ದದ್ದನ್ನ ಓದಕ್ಕೆ ಆಗಲಿಲ್ಲ. ತಪ್ಪಾಯ್ತು" ಅಂದರು. ಅಪ್ಪ ಕಲ್ಲನ್ನೇ ನೋಡುತ್ತಿದ್ದ. ನನಗೆ ಹೆದರಿಕೆಯಾದದ್ದು ಆಗ. ತಿಟ್ಟು ಉಳಿದರೂ ಮೇಷ್ಟ್ರು ಉಳಿಯದೆ ಹೋದರೆ ಏನು ಮಾಡುವುದು ಅನ್ನಿಸಿತು. ಕೊನೆಗೆ ಅಪ್ಪ ಬಾಯಿ ಬಿಟ್ಟ.

"ನಮ್ಮ ತಿಟ್ಟಲ್ಲಿ ಒಂದು ಪದ್ಧತಿ ಐತಲ್ಲ ಮೇಷ್ಟ್ರೇ. ನೀವೇ ಮಾಡಿದ್ದು. ಹೊಳೆಗೆ ಹೇಳ್ಬಿಡಿ."

ಮೇಷ್ಟ್ರ ಮುಖ ಸಡಿಲವಾಯಿತು. ಕೋಲೂರಿಕೊಂಡು ದಡಕ್ಕೆ ಹೋದರು. ಮೂವತ್ತು ವರ್ಷ ಕಣ್ಣು ಮುಚ್ಚಿ ದಾಟಿದ ಹೊಳೆಗೆ ಕಣ್ಣು ಬಿಟ್ಟು ಎದುರಾಗಿ ನಿಂತರು. ನಾವೆಲ್ಲ ಹಿಂದೆ.

"ಇವರು ಇಲ್ಲೇ ಬಾಳಲಿ ಅಂತ ದೊರೆ ಬರೆದಿದಾನೆ ಅಂದೆ. ಅದು ಸುಳ್ಳು," ಎಂದು ಗಟ್ಟಿಯಾಗಿ ಹೇಳಿದರು. "ಅಕ್ಷರ ಉಳೀಲಿ ಅಂತ ಎಣ್ಣೆ ಹಚ್ಚಿ ಅಂದೆ. ಅದೂ ಸುಳ್ಳು, ಮುಚ್ಚಿ ಹೋಗಲಿ ಅಂತ ಹಚ್ಚಿಸಿದೆ." ಒಂದು ಉಸಿರು ತೆಗೆದುಕೊಂಡರು. "ಹೆಣ್ಣುಮಕ್ಕಳನ್ನ ಸ್ಕೂಲಿಗೆ ಕಳ್ಸಿ ಅಂತ..."

"ಅದು ಬೇಡ," ಅಂದ ಅಪ್ಪ. ಮುಂದೆ ಬಂದು ಅವರ ತೋಳು ಹಿಡಿದ. "ಅದನ್ನ ಹೊಳೆಗೆ ಕೊಡಬೇಡಿ ಮೇಷ್ಟ್ರೇ. ಅದು ಸುಳ್ಳಲ್ಲ. ಹೇಳಿದ್ದು ನೀವು, ಅವನ ಬಾಯಲ್ಲಿ ಹಾಕಿದ್ರಿ, ಅಷ್ಟೆ." ಆಮೇಲೆ, ಮೇಷ್ಟ್ರು ನಮಗೆಲ್ಲ ಹೇಳುತ್ತಿದ್ದ ದನಿಯಲ್ಲೇ, "ಸರಿ, ಹೊಳೆ ತಗೊಂಡು ಹೋಯ್ತು. ಬನ್ನಿ" ಅಂದ. ನಾನು ಅಲ್ಲೇ ಕೂತು ಅತ್ತೆ. ಅದು ಸಂತೋಷಕ್ಕೆ.

ಹಕ್ಕುಪತ್ರ ಬರಲು ಇನ್ನೂ ಒಂದು ವರ್ಷ ಹಿಡಿಯಿತು. ನಮ್ಮ ಮನೆಯದನ್ನು ಮೊದಲು ಅಜ್ಜಂಪುರಕ್ಕೇ ತೆಗೆದುಕೊಂಡು ಹೋದೆ. ಮೇಷ್ಟ್ರು ಎರಡು ಕನ್ನಡಕ ಬದಲಾಯಿಸಿ ಪ್ರತಿ ಸಾಲನ್ನೂ ಓದಿದರು. ಚೆಕ್ಕುಬಂದಿಗೆ ಬಂದಾಗ ಬೆರಳಿಟ್ಟು ನನಗೆ ತೋರಿಸಿದರು. ಪೂರ್ವಕ್ಕೆ ಹೊಳೆ, ಉತ್ತರಕ್ಕೆ ಹೊಳೆ, ಪಶ್ಚಿಮಕ್ಕೆ ಶಾಲೆ, ದಕ್ಷಿಣಕ್ಕೆ ದೊರೆ ಕಲ್ಲು. "ನಮ್ಮನ್ನ ಓಡಿಸಕ್ಕೆ ನಿಂತವನು ಈಗ ನಮ್ಮ ಮನೆ ಗಡಿ ಕಾಯ್ತಾವನೆ" ಎಂದು ಮಗುವಿನ ಹಾಗೆ ನಕ್ಕರು. ನಮ್ಮನ್ನ ಎಂದದ್ದನ್ನು ನಾನು ಮನಸ್ಸಿನಲ್ಲಿಟ್ಟುಕೊಂಡೆ. ಹೆಂಗಸರು ಮತ್ತೆ ಕಲ್ಲಿಗೆ ಕುಂಕುಮ ಇಡುತ್ತಿದ್ದಾರೆ, ಸಾಕ್ಷಿ ಹೇಳಿದ ದೇವರು ಅಂತ. ಅಕ್ಷರ ಬಿಟ್ಟು, ಕಲ್ಲಿನ ತಲೆಯ ಮೇಲೆ ಮಾತ್ರ. ರಸ್ಕು ನಿಂತಿದೆ.

ಸುದ್ದಿ ಬಂದ ವಾರದ ಭಾನುವಾರ ಊರಿಗೆ ಹೋದೆ. ಅಪ್ಪ ದಡದಲ್ಲಿ ತೆಪ್ಪ ಹಿಡಿದು ಕಾಯುತ್ತಿದ್ದ. ಮೇಷ್ಟ್ರು ಕೂರುತ್ತಿದ್ದ ನಡುವಿನ ಜಾಗ ಬಿಟ್ಟು ನಾನು ಅಂಚಿಗೆ ಕೂತೆ. ಸ್ವಲ್ಪ ದೂರ ಬಂದ ಮೇಲೆ ಹುಟ್ಟಿನ ಸದ್ದಿನ ಜೊತೆ ಅಪ್ಪನ ದನಿ ಕೇಳಿಸಿತು. "ಹದಿನೇಳೊಂದ್ಲ ಹದಿನೇಳು." ಒಂದಕ್ಷರ ಬಾರದ ಅಪ್ಪ ಎಲ್ಲೂ ತಡವರಿಸದೆ ನೂರ ಎಪ್ಪತ್ತರ ತನಕ ಹೋಗಿ, ಮತ್ತೆ ಮೊದಲಿನಿಂದ ಶುರು ಮಾಡಿದ. ಎರಡನೇ ನೂರ ಎಪ್ಪತ್ತಕ್ಕೆ ತೆಪ್ಪ ಸರಿಯಾಗಿ ತಿಟ್ಟಿಗೆ ತಾಗಿತು.

"ಇಷ್ಟು ಚೆನ್ನಾಗಿ ಹೇಳ್ತೀಯ. ನೀನೂ ಓದಬೇಕಿತ್ತಪ್ಪ" ಅಂದೆ.

ಅಪ್ಪ ತೆಪ್ಪವನ್ನು ದಡಕ್ಕೆ ಎಳೆಯುತ್ತ, ನನ್ನ ಮುಖ ನೋಡದೆ ಹೇಳಿದ. "ನಾನು ಚಿಕ್ಕೋನಾಗಿದ್ದಾಗ ಯಾರೂ ಬಂದು ಆ ಕಲ್ಲನ್ನ ಹಂಗೆ ಓದ್ಲಿಲ್ಲ ಕಣವ್ವ."